ನೈದಿಲೆಯ ಲಕ್ಷಣ ಬರೆಯುವ ದಿನ

ಕೆರೆಯಲ್ಲಿ ಇದುವರೆಗೆ ಕಾಣದ ನೈದಿಲೆ ಸಿಕ್ಕಿತೆಂದರೆ ಮೊದಲು ಕೇಳಿಕೊಳ್ಳಬೇಕಾದ್ದು ಇದು: ಯಾವುದೋ ತೋಟದ ಕೊಳದಿಂದ ತಪ್ಪಿಸಿಕೊಂಡು ಬಂದ ಮಿಶ್ರತಳಿಯೇನಾದರೂ ಆಗಿರಬಹುದೇ? ಪರಾಗವನ್ನು ಒಂದು ಹನಿ ಬಣ್ಣದ್ರಾವಣದಲ್ಲಿ, ಅಂದರೆ ಅಸಿಟೋಕಾರ್ಮೈನ್‌ನಲ್ಲಿ ಹಾಕಿ ಸೂಕ್ಷ್ಮದರ್ಶಕದಡಿ ನೋಡಬೇಕು. ಮಿಶ್ರತಳಿಯ ಪರಾಗ ಹೆಚ್ಚಾಗಿ ಸುಕ್ಕುಗಟ್ಟಿ, ಬಣ್ಣ ಹಿಡಿಯದೆ ಪೊಳ್ಳಾಗಿರುತ್ತದೆ. ಕಾಯಿಯೂ ಸರಿಯಾಗಿ ಕಟ್ಟುವುದಿಲ್ಲ. ಇದರಲ್ಲಿ ಗೆದ್ದ ಗಿಡಕ್ಕೆ ಮಾತ್ರ, ಹೊಸ ಪ್ರಭೇದವಿರಬಹುದೆಂದು ಲಕ್ಷಣ ಬರೆಯಲು, ಇಡೀ ಒಂದು ದಿನ ಕೊಡಬಹುದು.

ಆ ದಿನದ ಕೆಲಸ ಬೆಳಕು ಹರಿಯುವ ಮುಂಚೆಯೇ ಶುರು. ರಾತ್ರಿ ಅರಳುವ ನೈದಿಲೆ ಬಿಸಿಲೇರಿದಂತೆ ಮುಚ್ಚಿಕೊಳ್ಳುತ್ತದೆ, ಹಗಲಿನದು ಆಗ ತೆರೆಯುತ್ತದೆ. ನಡುವಿನ ಹೊತ್ತಿನಲ್ಲಿ ಹೋದರೆ ಎರಡೂ ಅರಳಿಯೇ ಕಾಣಬಹುದು, ಯಾವುದು ಯಾವ ಗುಂಪಿನದೆಂದು ತಿಳಿಯದು. ಇನ್ನೊಂದು ತಯಾರಿ ಹಿಂದಿನ ದಿನಗಳದು: ದಿನಕ್ಕೊಂದು ಬಣ್ಣದ ದಾರವನ್ನು ಆವತ್ತು ಅರಳಿದ ಹೂವಿನ ತೊಟ್ಟಿಗೆ ಸಡಿಲವಾಗಿ ಕಟ್ಟಿರಬೇಕು. ಬಿಗಿದರೆ ಒಳಗಿನ ಗಾಳಿನಾಳಗಳು ನಜ್ಜುಗುಜ್ಜಾಗಿ ಹೂವು ಬಾಗುತ್ತದೆ. ದಾರವಿದ್ದರೆ ಮೂರು ವಯಸ್ಸಿನ ಹೂಗಳು ಒಂದೇ ಬೆಳಗ್ಗೆ ಸಿಗುತ್ತವೆ.

ಈ ವಯಸ್ಸೇ ಮುಖ್ಯ. ಮೊದಲ ದಿನ ಹೂವು ಹೆಣ್ಣು: ನಡುವಿನ ಶಲಾಕಾಗ್ರದ (ಪರಾಗ ಸ್ವೀಕರಿಸುವ ಹೆಣ್ಣು ಭಾಗದ) ಬಟ್ಟಲಲ್ಲಿ ತಿಳಿ ದ್ರವ ನಿಂತಿರುತ್ತದೆ, ಸುತ್ತಲ ಕೇಸರಗಳು ಇನ್ನೂ ಒಡೆದಿರುವುದಿಲ್ಲ. ಮೈಗೆ ಪರಾಗ ಮೆತ್ತಿಕೊಂಡು ಬಂದ ಕೀಟ ಅದರಲ್ಲಿ ಬಿದ್ದರೆ ಪರಾಗ ತೊಳೆದು ಕೆಳಗಿಳಿಯುತ್ತದೆ. ಮರುದಿನ ಬಟ್ಟಲು ಒಣಗಿ, ಒಳಗಿನ ಕೇಸರಗಳು ಅದರ ಮೇಲೆ ಮಡಚಿಕೊಂಡು, ಹೊರಸುತ್ತಿನವು ಪರಾಗ ಬಿಡತೊಡಗುತ್ತವೆ. ಎರಡನೇ ದಿನದ ಹೂವನ್ನಷ್ಟೇ ನೋಡಿ ಬರೆದವರ ವಿವರಣೆಯಲ್ಲಿ ಬಟ್ಟಲಿನ ಆಕಾರವೇ ಇರುವುದಿಲ್ಲ.

ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿದ ಮಾದರಿಯಲ್ಲಿ ಇದ್ಯಾವುದೂ ಉಳಿಯದು. ಇದೇ ಕುಟುಂಬದ ದೈತ್ಯ ನೈದಿಲೆ ವಿಕ್ಟೋರಿಯಾ ಬೊಲಿವಿಯಾನಾ ಹೊಸ ಪ್ರಭೇದವೆಂದು ಪ್ರಕಟವಾದದ್ದು 2022ರಲ್ಲಿ. ಅದರ ಒಣ ಮಾದರಿ ಲಂಡನ್ನಿನ ಕ್ಯೂ ಹರ್ಬೇರಿಯಂನಲ್ಲಿ (ಒಣಗಿಸಿದ ಸಸ್ಯಗಳ ಸಂಗ್ರಹಾಲಯ) 177 ವರ್ಷದಿಂದ ಇತ್ತು. ವಿಕ್ಟೋರಿಯಾ ಕುಲದ ಮೂರೂ ಪ್ರಭೇದಗಳನ್ನು ಅಕ್ಕಪಕ್ಕ ಬೆಳೆಸಿದಾಗಲೇ ವ್ಯತ್ಯಾಸ ಎದ್ದು ಕಂಡಿತು.

ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಎಣಿಸುತ್ತ ಹೋಗಬೇಕು: ಪುಷ್ಪಪತ್ರ, ಎಸಳು, ಕೇಸರ, ಶಲಾಕಾಗ್ರದ ಕಿರಣದಂಥ ಗೆರೆಗಳು. ಪರಾಗಕೋಶದ ತುದಿಯಲ್ಲಿ ಬಂಜೆ (ಪರಾಗವಿಲ್ಲದ) ಚಾಚಿಕೆ ಇದೆಯೇ ನೋಡಿ. ಹಗಲಲ್ಲಿ ಅರಳುವ ನಿಂಫಿಯಾ ನೌಚಾಲಿಯಲ್ಲಿ ಅದಿದೆ. ರಾತ್ರಿ ಅರಳುವ ನಿಂಫಿಯಾ ಪ್ಯೂಬೆಸೆನ್ಸ್‌ನಲ್ಲಿ ಇಲ್ಲ, ಅದರ ಎಲೆಯಂಚು ಗರಗಸ, ಅಡಿಭಾಗ ರೋಮಮಯ. ತೊಟ್ಟನ್ನು ಅಡ್ಡ ಕೊಯ್ದು ದೊಡ್ಡ ಗಾಳಿನಾಳಗಳ ಸಂಖ್ಯೆ, ಜೋಡಣೆ ಬರೆದುಕೊಳ್ಳಿ. ತೊಟ್ಟಿನ ಉದ್ದ ಅಳೆದು ಪ್ರಯೋಜನವಿಲ್ಲ, ಅದು ನೀರಿನ ಆಳ ಹೇಳಿದಂತೆ ಬೆಳೆಯುತ್ತದೆ. ಎಲೆಯ ಅಳತೆಗೂ ಪೂರ್ತಿ ಬಲಿತು ತೇಲುವ ಎಲೆಯೇ ಬೇಕು. ಮುಳುಗಿದ ಎಳೆ ಎಲೆಯ ಆಕಾರವೇ ಬೇರೆ. ಹೂವಿನ ಬಣ್ಣವೊಂದನ್ನೇ ನಂಬಿ ಹೊಸ ಹೆಸರಿಡುವುದು ನಮ್ಮ ಮಟ್ಟಿಗೆ ದುಡುಕು. ನೌಚಾಲಿಯೊಂದೇ ನೀಲಿ, ಬಿಳಿ, ಗುಲಾಬಿ ಮೂರರಲ್ಲೂ ಬರುತ್ತದೆ.

ಮಾದರಿ ಒತ್ತುವಾಗ ಎಲೆ ಸುರುಳಿಯಾಗುವುದೇ ತಲೆನೋವು. ಅಗಲ ತಟ್ಟೆಯ ನೀರಲ್ಲಿ ತೇಲಬಿಟ್ಟು, ಕೆಳಗಿನಿಂದ ಹಾಳೆ ತೂರಿಸಿ ಮೆಲ್ಲಗೆ ಎತ್ತಿದರೆ ನೀಟಾಗಿ ಹರಡಿಕೊಳ್ಳುತ್ತದೆ. ಮೊದಲ ದಿನಗಳಲ್ಲಿ ಒತ್ತುಕಾಗದ ದಿನಕ್ಕೆರಡು ಬಾರಿ ಬದಲಿಸದಿದ್ದರೆ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ಒಂದು ಹೂವನ್ನು ಶೇ 70ರ ಆಲ್ಕೋಹಾಲಿನಲ್ಲಿ ಇಡಲೇಬೇಕು, ಅಳತೆಪಟ್ಟಿ ಇಟ್ಟು ಫೋಟೋ ತೆಗೆದ ಮೇಲೆ.

ಸಸ್ಯಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮಾವಳಿಯಾದ ನಾಮಕರಣ ಸಂಹಿತೆಯ ಪ್ರಕಾರ ಒಂದು ಮಾದರಿಯನ್ನು ಹೋಲೋಟೈಪ್ (ಹೆಸರಿಗೆ ಆಧಾರವಾಗುವ ಮೂಲ ಮಾದರಿ) ಎಂದು ಗುರುತಿಸಿ, ಅದಿರುವ ಹರ್ಬೇರಿಯಂ ಹೆಸರಿಸಬೇಕು. ಪ್ರಭೇದವೋ ಅದರ ಕೆಳಗಿನ ದರ್ಜೆಯಾದ ವೆರೈಟಿಯೋ ಎಂಬುದೂ ಸ್ಪಷ್ಟವಿರಬೇಕು. ವಿವರಣೆ ಲ್ಯಾಟಿನ್‌ನಲ್ಲೇ ಆಗಬೇಕೆಂಬ ಕಟ್ಟು 2012ಕ್ಕೆ ಹೋಯಿತು, ಇಂಗ್ಲಿಷೂ ನಡೆಯುತ್ತದೆ.

ಬೀಜ ಮಾತ್ರ ಆ ದಿನ ಸಿಗುವುದಿಲ್ಲ. ಹೂವು ಮುಗಿದ ಮೇಲೆ ತೊಟ್ಟು ಸ್ಪ್ರಿಂಗಿನಂತೆ ಸುರುಳಿಸುತ್ತಿ ಕಾಯನ್ನು ನೀರೊಳಗೆ ಎಳೆದುಕೊಳ್ಳುತ್ತದೆ. ಒಡೆದ ಕಾಯಿಯ ಬೀಜ ಕೆಲಕಾಲ ತೇಲಿ, ಚದುರಿ, ಮುಳುಗಿಬಿಡುತ್ತದೆ. ಹಾಗಾಗಿ ಹೊರಡುವ ಮುಂಚೆ ನಾಲ್ಕಾರು ಎಳೆಗಾಯಿಗಳಿಗೆ ತೆಳುಬಟ್ಟೆಯ ಚೀಲ ಕಟ್ಟಿ, ಹತ್ತಿರ ಒಂದು ಕೋಲು ನೆಟ್ಟು ಬರಬೇಕು.