ಚೀಟಿಯಿಲ್ಲದ ಬೀಜ

ದೇಸಿ ಗಿಡಗಳ ಉಳಿವಿಗೆ ನೆರವಾಗಬೇಕು ಅಂದಾಗ ಮೊದಲು ನೆನಪಾಗುವುದು ಸಸಿ ನೆಡುವುದು. ಬೀಜ ಸಂಗ್ರಹ ಅಷ್ಟು ಬೇಗ ನೆನಪಾಗುವುದಿಲ್ಲ. ಅದರಲ್ಲೂ ಎಲ್ಲಿ, ಯಾವಾಗ, ಎಷ್ಟು ಗಿಡಗಳಿಂದ ಆರಿಸಿದ್ದು ಎಂದು ಬರೆದಿಟ್ಟ ಬೀಜವಷ್ಟೇ ಸಂಶೋಧನೆಗೆ ನಿಜವಾಗಿ ಒದಗುತ್ತದೆ. ಚೀಟಿ ಕಳೆದರೆ ಆ ಬೀಜವನ್ನು ಹುಟ್ಟಿದ ನೆಲಕ್ಕೆ ಮರಳಿಸುವ ದಾರಿಯೇ ಮುಚ್ಚಿದಂತೆ.

ಮೊದಲು ಬೀಜಬ್ಯಾಂಕನ್ನೋ ಸಸ್ಯೋದ್ಯಾನವನ್ನೋ ವಿಚಾರಿಸಿ, ಅವರಿಗೆ ಬೇಕಾದ ಗಿಡ ಯಾವುದೆಂದು ತಿಳಿದುಕೊಳ್ಳಿ. ಜಾಗದವರ ಅನುಮತಿಯೂ ಬೇಕು. ಕೊಯ್ಯುವ ಮುನ್ನ ಹತ್ತು ಬೀಜ ಕತ್ತರಿಸಿ ನೋಡಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಜೊಳ್ಳಿರಬಹುದು, ಹುಳು ತಿಂದಿರಬಹುದು. ಅರ್ಧಕ್ಕರ್ಧ ಜೊಳ್ಳಾದರೆ ಆ ಸಲ ಬಿಟ್ಟುಬಿಡುವುದೇ ಲೇಸು.

ಆ ದಿನ ಮಾಗಿರುವ ಬೀಜದಲ್ಲಿ ಶೇ 20ಕ್ಕಿಂತ ಹೆಚ್ಚು ಮುಟ್ಟಬಾರದು. ಉಳಿದದ್ದು ಆ ಜಾಗದ ಮುಂದಿನ ಪೀಳಿಗೆಗೆ. ಸಾಧ್ಯವಾದರೆ ಕನಿಷ್ಠ 50 ಗಿಡಗಳಿಂದ, ಅಂಚು-ನಡು ಎನ್ನದೆ ಎಲ್ಲೆಡೆಯಿಂದ ಆರಿಸಿ. ಇಲ್ಲಿ ಬಹಳ ಜನ ಎಡವುತ್ತಾರೆ. ಗೊಂಚಲು ತುಂಬಿದ ಒಂದೇ ಗಿಡದಿಂದ ಚೀಲ ತುಂಬಿಸಿದರೆ ಸಿಗುವುದು ಒಂದೇ ತಾಯಿಯ ಮಕ್ಕಳು. ರೋಗಕ್ಕೋ ಬರಕ್ಕೋ ಒಟ್ಟಿಗೇ ಬಲಿಯಾಗಬಹುದು.

ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಹಸಿ ಬೀಜ ಉಸಿರಾಡುತ್ತದೆ. ತೇವ ಕಟ್ಟಿಕೊಂಡು ಒಂದೆರಡು ದಿನಕ್ಕೇ ಬೂಷ್ಟು ಹಿಡಿಯುತ್ತದೆ. ಬಟ್ಟೆ ಅಥವಾ ಕಾಗದದ ಚೀಲ ಬಳಸಿ, ಗಾಳಿಯಾಡುವ ನೆರಳಿನಲ್ಲಿ ಹರಡಿ. ಆಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೀಜದಷ್ಟೇ ತೂಕದ, ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ ಒಂದು ವಾರ ಇಡಿ. ಜೆಲ್‌ನ ಬಣ್ಣ ತಿರುಗಿದರೆ ಬದಲಿಸಿ. ತೇವಾಂಶ ಶೇ 1ರಷ್ಟು ಇಳಿದರೆ ಬೀಜದ ಆಯಸ್ಸು ಸುಮಾರು ಇಮ್ಮಡಿ ಎಂಬ ಹಳೆಯ ಲೆಕ್ಕವೊಂದಿದೆ. ಆದರೆ ಹಲಸು, ಮಾವು, ಓಕ್‌ಗಳಿಗೆ ಇದು ಹೊಂದುವುದಿಲ್ಲ. ಒಣಗಿಸಿದರೆ ಆ ಬೀಜ ಸತ್ತೇಹೋಗುತ್ತದೆ. ಅಂಥವನ್ನು ತೇವವಿರುವಾಗಲೇ ತಲುಪಿಸಬೇಕು, ಇಲ್ಲವೇ ಕೂಡಲೇ ಬಿತ್ತಬೇಕು.

ಬೀಜದ ಜೊತೆ ಹೂವೋ ಕಾಯೋ ಇರುವ ಒಂದು ರೆಂಬೆಯನ್ನೂ ತನ್ನಿ, ಹೆಸರು ತಪ್ಪಾಗಿದ್ದರೆ ಮುಂದೆ ತಿದ್ದಲು ಅದೇ ಆಧಾರ. ಪತ್ರಿಕೆಯ ಹಾಳೆಗಳ ನಡುವೆ ಹರಡಿ ಒತ್ತುವಾಗ ಒಂದೆರಡು ಎಲೆಯ ಬೆನ್ನು ಮೇಲೆ ಬರಲಿ. ಮೊದಲ ಕೆಲವು ದಿನ ಹಾಳೆಯನ್ನು ದಿನವೂ ಬದಲಿಸದಿದ್ದರೆ ಎಲೆ ಕಪ್ಪಾಗುತ್ತದೆ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ಶಾಯಿ ಒದ್ದೆಯಾದರೆ ಕದಡುತ್ತದೆ. ದಿನಾಂಕ, ಅಕ್ಷಾಂಶ–ರೇಖಾಂಶ, ಮಣ್ಣು, ಗಿಡದ ಎತ್ತರ, ಆರಿಸಿದ ಗಿಡಗಳ ಸಂಖ್ಯೆ ಇಷ್ಟಂತೂ ಇರಲಿ. ಹೂವಿನ ಬಣ್ಣ, ವಾಸನೆಗಳನ್ನು ಮರೆಯದೆ ಸೇರಿಸಿ. ಒಣಗಿದ ಮೇಲೆ ಅವನ್ನು ಯಾರೂ ಕಾಣಲಾರರು.

ಬೀಜ ಕೊಯ್ಯಲಾಗದವರಿಗೆ ಐನ್ಯಾಚುರಲಿಸ್ಟ್ ಇದೆ, ಕಂಡ ಗಿಡ-ಪ್ರಾಣಿಗಳ ಚಿತ್ರವನ್ನು ಜಾಗದ ಸಮೇತ ದಾಖಲಿಸುವ ಜಾಲತಾಣ. ಇಡೀ ಗಿಡ, ಎಲೆಯ ಎರಡೂ ಬದಿ, ಹೂವು, ತೊಗಟೆ ಎಲ್ಲವನ್ನೂ ಚಿತ್ರ ತೆಗೆಯಿರಿ. ಬರೀ ಹೂವಿನ ಚಿತ್ರದಿಂದ ಎಷ್ಟೋ ಪ್ರಭೇದಗಳನ್ನು ಗುರುತಿಸಲಾಗದು. ನೆಟ್ಟು ಬೆಳೆಸಿದ ಗಿಡವಾದರೆ ಹಾಗೆಂದು ಗುರುತು ಹಾಕಿ, ಇಲ್ಲದಿದ್ದರೆ ಆ ಗಿಡ ತಾನಾಗಿ ಬೆಳೆಯುವ ಜಾಗಗಳ ನಕ್ಷೆ ತಪ್ಪಾಗುತ್ತದೆ. ಕಳ್ಳರ ಕಣ್ಣಿರುವ ಆರ್ಕಿಡ್‌ನಂಥ ಗಿಡವಾದರೆ ಜಾಗವನ್ನು ಮಸುಕಾಗಿಸುವ ಆಯ್ಕೆ ಒತ್ತಿದ ಮೇಲಷ್ಟೇ ಚಿತ್ರ ಹಾಕಿ.