ರಟ್ಟಿನ ಬಳೆ ತೊಟ್ಟ ಟೊಮೆಟೊ ಸಸಿಗಳು

ಆ ದಿನ ಬೆಳಿಗ್ಗೆ ಹಿತ್ತಲಿಗೆ ಹೋದಾಗ ಏನಾಗಿದೆ ಅಂತ ಮೊದಲು ನನಗೆ ಗೊತ್ತೇ ಆಗಲಿಲ್ಲ. ಹಿಂದಿನ ಸಂಜೆ ನೆಟ್ಟ ಟೊಮೆಟೊ ಸಸಿಗಳಲ್ಲಿ 9 ಸಸಿ ನೆಲಕ್ಕೆ ಬಿದ್ದಿದ್ದವು. ಬಾಡಿ ಬಿದ್ದದ್ದಲ್ಲ. ಯಾರೋ ಬ್ಲೇಡಿನಲ್ಲಿ ಕೊಯ್ದ ಹಾಗೆ ಬುಡದಲ್ಲಿ, ನೆಲದ ಮಟ್ಟಕ್ಕೇ ತುಂಡಾಗಿದ್ದವು. ಎಲೆಗಳು ಹಸಿರಾಗಿಯೇ ಇದ್ದವು, ತಿಂದದ್ದೂ ಕಡಿಮೆ. ಅದನ್ನು ನೋಡಿಯೇ ನನಗೆ ಜಾಸ್ತಿ ಸಂಕಟವಾಯಿತು. ಬೀಜ ಹಾಕಿ, ದಿನಾ ನೀರು ಚಿಮುಕಿಸಿ, ಒಂದು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಸಸಿಗಳು ಅವು.

ಅದು ನಾನು ಮೊದಲ ಸಲ ದೊಡ್ಡದಾಗಿ ತರಕಾರಿ ತೋಟ ಮಾಡಿದ ವರ್ಷ. ಅದಕ್ಕೂ ಮುಂಚೆ ಬೆಳೆದದ್ದೆಲ್ಲ ಕುಂಡದಲ್ಲಿ. ಹಿತ್ತಲಲ್ಲಿ 40 ಅಡಿ ಉದ್ದ, 30 ಅಡಿ ಅಗಲದ ಜಾಗ ವರ್ಷಗಟ್ಟಲೆ ಹುಲ್ಲು ಬೆಳೆದು ಬಿದ್ದಿತ್ತು. ಹುಲ್ಲು ಕಿತ್ತು, ಅಗೆದು, ಕಲ್ಲು ಆರಿಸಿ, ಕೊಟ್ಟಿಗೆ ಗೊಬ್ಬರ ಬೆರೆಸಿ 5 ಮಡಿ ಮಾಡಿದೆವು. ಒಂದೊಂದು ಮಡಿ 4 ಅಡಿ ಅಗಲ. ಅದಕ್ಕಿಂತ ಅಗಲ ಬೇಡ ಅಂದವಳು ಅಮ್ಮ. ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿನ ಗಿಡ ಸಿಗಬೇಕು, ಮಡಿಯೊಳಗೆ ಕಾಲಿಡೋ ಹಾಗಿರಬಾರದು. ತುಳಿದರೆ ಮಣ್ಣು ಗಟ್ಟಿಯಾಗುತ್ತೆ, ಬೇರಿಗೆ ಗಾಳಿ ಆಡಲ್ಲ ಅನ್ನೋದು ಅವಳ ಮಾತು. ಈಗಲೂ ನನ್ನ ಮಡಿಗಳು ಅದೇ ಅಳತೆಯವು.

ಟೊಮೆಟೊಗೆ ಒಂದಿಡೀ ಮಡಿ. ಎರಡು ಸಾಲು, ಗಿಡದಿಂದ ಗಿಡಕ್ಕೆ 2 ಅಡಿ, ಒಟ್ಟು 36 ಸಸಿ. ಬಿಸಿಲು ಇಳಿದ ಮೇಲೆ ನೆಟ್ಟೆವು. ಕೆಳಗಿನ ಎಲೆಗಳನ್ನು ಚಿವುಟಿ, ಕಾಂಡದ ಅರ್ಧ ಭಾಗ ಮಣ್ಣಲ್ಲಿ ಮುಚ್ಚುವಷ್ಟು ಆಳಕ್ಕೆ ಇಳಿಸಿದೆವು. ಟೊಮೆಟೊ ಕಾಂಡದಲ್ಲಿ ಮಣ್ಣು ತಾಗಿದ ಕಡೆಯೆಲ್ಲ ಬೇರು ಬರುತ್ತದೆ. ಬದನೆ, ಮೆಣಸಿನಕಾಯಿ ಸಸಿಗಳನ್ನು ನಾನು ಅಷ್ಟು ಆಳಕ್ಕೆ ಹಾಕುವುದಿಲ್ಲ. ನೆಟ್ಟು, ನೀರು ಹಾಕಿ, ಕತ್ತಲಾಗುವವರೆಗೆ ನೋಡುತ್ತಾ ನಿಂತಿದ್ದೆ. ಎಷ್ಟು ಖುಷಿಯಾಗಿತ್ತು ಅಂದರೆ ಒಳಗೆ ಹೋಗೋಕೇ ಮನಸ್ಸು ಬರಲಿಲ್ಲ.

ಮರುದಿನ ಬೆಳಿಗ್ಗೆಯೇ ಹೀಗೆ.

ಅಮ್ಮನನ್ನು ಕರೆದೆ. ಅವಳು ಬಂದು ಬಿದ್ದ ಸಸಿಯನ್ನು ಎತ್ತಿ ನೋಡಲೂ ಇಲ್ಲ. ನೇರ ಬುಡದ ಹತ್ತಿರ ಕುಕ್ಕರುಗಾಲಲ್ಲಿ ಕೂತು ತೋರುಬೆರಳಿನಿಂದ ಮಣ್ಣನ್ನು ಮೆಲ್ಲಗೆ ಕೆದಕಿದಳು.

"ಬಾರೇ ಇಲ್ಲಿ, ನೋಡು."

ಒಂದು ಅಂಗುಲ ಆಳದಲ್ಲೇ ಅದು ಇತ್ತು. ಮಣ್ಣಿನದ್ದೇ ಬಣ್ಣದ ಹುಳ. ಕಿರುಬೆರಳಿನ ಅರ್ಧದಷ್ಟು ಉದ್ದ, ಜಿಡ್ಡು ಸವರಿದ ಹಾಗೆ ನುಣುಪಾದ ಮೈ. ಬೆರಳು ತಾಗಿದ ಕೂಡಲೇ ಸುರುಳಿ ಸುತ್ತಿಕೊಂಡು ಒಡೆದ ಬಳೆಚೂರಿನ ಹಾಗೆ ಬಿದ್ದುಕೊಂಡಿತು. ಕಾಂಡ ಕತ್ತರಿಸುವ ಹುಳು ಅದು. ಹಗಲೆಲ್ಲ ಗಿಡದ ಬುಡದಲ್ಲೇ ಮಣ್ಣೊಳಗೆ ಮಲಗಿರುತ್ತದೆ, ರಾತ್ರಿ ಮೇಲೆ ಬಂದು ಎಳೆ ಕಾಂಡವನ್ನು ಕಚ್ಚಿ ಬೀಳಿಸುತ್ತದೆ. ಬಿದ್ದ ಒಂಬತ್ತು ಸಸಿಗಳ ಸುತ್ತ ಹುಡುಕಿದಾಗ 6 ಹುಳ ಸಿಕ್ಕಿದವು.

"ಹುಲ್ಲು ಕಿತ್ತು ಎಷ್ಟು ದಿನ ಆಯ್ತು?" ಅಂತ ಅಮ್ಮ ಕೇಳಿದಳು.

"ಒಂದು ವಾರ ಆಗಿರಬಹುದಮ್ಮ."

"ಅದಕ್ಕೇ. ಹುಲ್ಲಲ್ಲಿ ಇದ್ದವಕ್ಕೆ ಈಗ ಹುಲ್ಲಿಲ್ಲ. ನಿನ್ನ ಸಸಿ ಮಾತ್ರ ಇದೆ."

ಎಷ್ಟು ಸರಳವಾದ ವಿಷಯ, ಅಲ್ವಾ? ಈ ಹುಳದ ಪತಂಗ ಕಳೆಯಲ್ಲಿ, ಹುಲ್ಲಲ್ಲಿ ಮೊಟ್ಟೆ ಇಡುತ್ತದೆ. ಹುಲ್ಲು ಕಿತ್ತ ಮೇಲೆ 2-3 ವಾರ ಸುಮ್ಮನೆ ಬಿಟ್ಟು, ನಡುವೆ ಒಂದೆರಡು ಸಲ ಮಣ್ಣು ತಿರುವಿದ್ದರೆ ಎಷ್ಟೋ ಹುಳಗಳನ್ನು ಹಕ್ಕಿಗಳೇ ಆರಿಸಿ ತಿಂದಿರುತ್ತಿದ್ದವು, ಉಳಿದವು ಹಸಿವಿನಿಂದ ಸಾಯುತ್ತಿದ್ದವು. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಜಾಗ ಖಾಲಿ ಕಂಡರೆ ಏನಾದರೂ ನೆಡಬೇಕು ಅನಿಸುತ್ತಿತ್ತು.

ಆ ರಾತ್ರಿ ಊಟ ಮುಗಿಸಿ ಇಬ್ಬರೂ ಟಾರ್ಚ್ ಹಿಡಿದು ಹಿತ್ತಲಿಗೆ ಹೋದೆವು. ಹಗಲು ನೋಡುವ ತೋಟವೇ ಬೇರೆ, ರಾತ್ರಿಯ ತೋಟವೇ ಬೇರೆ. ಮಣ್ಣಿನ ವಾಸನೆ ದಟ್ಟವಾಗಿತ್ತು. ಟಾರ್ಚ್ ಬೆಳಕನ್ನು ನೆಲಕ್ಕೆ ಒರಗಿಸಿ ಹಿಡಿದರೆ ಒಂದೊಂದು ಸಸಿಗೂ ಉದ್ದುದ್ದ ನೆರಳು. ಮೂರನೇ ಸಸಿಯ ಬುಡದಲ್ಲಿ ನಾನು ಅದನ್ನು ನೋಡಿದೆ. ಹುಳ ಕಾಂಡವನ್ನು ಅಪ್ಪಿಕೊಂಡು ಕೂತಿತ್ತು. ತಲೆ ಮಾತ್ರ ಅಲುಗಾಡುತ್ತಿತ್ತು. ಅವಸರವೇ ಇಲ್ಲ. ನನ್ನ ಕೈ ನಡುಗಿತು. ಅಮ್ಮ ಚಿಮಟದಲ್ಲಿ ಹಿಡಿದು ಸಾಬೂನು ನೀರಿನ ಡಬ್ಬಿಗೆ ಹಾಕಿದಳು. ಒಂದು ಗಂಟೆ ಹುಡುಕಿದ್ದಕ್ಕೆ 11 ಸಿಕ್ಕಿದವು. ಅಮ್ಮನಿಗೆ ಸೊಂಟ ನೋವು, ಆದರೂ ಆ ಕಡೆಯ ಸಾಲು ಮುಗಿಯೋವರೆಗೆ ಏಳಲಿಲ್ಲ.

ಮರುದಿನ ಬಿದ್ದದ್ದು ಎರಡೇ ಎರಡು. ಇನ್ನೊಂದು ಅರ್ಧ ಕಡಿದು ಉಳಿದಿತ್ತು. ಕಾಂಡದ ಒಂದು ಪಕ್ಕ ತೆಳ್ಳಗೆ ಅಂಟಿಕೊಂಡಿತ್ತು ಅಷ್ಟೇ. ನಾನು ಕಿತ್ತು ಬಿಸಾಡೋಕೆ ಹೊರಟೆ. ಅಮ್ಮ ಬಿಡಲಿಲ್ಲ. ಒಂದು ಕಡ್ಡಿ ಊರಿ, ಸಡಿಲವಾಗಿ ದಾರ ಕಟ್ಟಿ, ಗಾಯ ಮುಚ್ಚುವ ಹಾಗೆ ಸುತ್ತ ಮಣ್ಣು ಏರಿಸಿದಳು. "ಬದುಕಿದರೆ ಬದುಕಲಿ" ಅಂದಳು.

ಆಮೇಲೆ ಮನೆಯಲ್ಲಿದ್ದ ತೆಳು ರಟ್ಟನ್ನೆಲ್ಲ ಒಟ್ಟು ಮಾಡಿ 3 ಅಂಗುಲ ಅಗಲದ ಪಟ್ಟಿಗಳಾಗಿ ಕತ್ತರಿಸಿದೆವು. ಪ್ರತಿ ಸಸಿಯ ಸುತ್ತ ಬಳೆಯ ಹಾಗೆ ಸುತ್ತಿ, 1 ಅಂಗುಲ ಮಣ್ಣಿನೊಳಗೆ ಒತ್ತಿ, 2 ಅಂಗುಲ ಮೇಲೆ ಬಿಟ್ಟೆವು. ಹಾಕುವ ಮುಂಚೆ ಒಳಗಿನ ಮಣ್ಣು ಕೆದಕಿ ನೋಡಲೇಬೇಕು, ಇಲ್ಲದಿದ್ದರೆ ಹುಳವನ್ನೂ ಸಸಿಯನ್ನೂ ಒಟ್ಟಿಗೆ ಕೂಡಿಹಾಕಿದಂತೆ. ಹೋದ 11ರ ಜಾಗಕ್ಕೆ ಸಸಿ ಮಡಿಯಲ್ಲಿ ಉಳಿದಿದ್ದವು ಬಂದವು. ಹೆಚ್ಚಿಗೆ 20 ಸಸಿ ಹಾಕಿದ್ದೆ, ಪುಣ್ಯ. ಅಲ್ಲಿಂದ ಮುಂದೆ ಒಂದೂ ಬೀಳಲಿಲ್ಲ. ಕಾಂಡ ಪೆನ್ಸಿಲ್ ದಪ್ಪ ಆದ ಮೇಲೆ ಬಳೆಗಳು ಬೇಕಾಗಲಿಲ್ಲ. ನೀರಿಗೆ ನೆಂದು ತಾವೇ ಮಣ್ಣಾದವು.

ಆ ಎರಡು ದಿನದಿಂದ ನನಗೊಂದು ಅಭ್ಯಾಸ ಹತ್ತಿತು. ಬೆಳಿಗ್ಗೆ ಎದ್ದ ಕೂಡಲೇ, ಕೈಯಲ್ಲಿ ಏನೂ ಹಿಡಿಯದೆ, 5 ಮಡಿಯನ್ನೂ ಒಂದು ಸುತ್ತು ಹಾಕೋದು. ದೊಡ್ಡ ತೋಟದಲ್ಲಿ ನೀರು, ಗೊಬ್ಬರಕ್ಕಿಂತ ಈ ಸುತ್ತೇ ಮುಖ್ಯ ಅಂತ ನನಗೆ ಗಟ್ಟಿಯಾಗಿ ಅನಿಸುತ್ತೆ. ಬೆಂಡೆ ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ನಾರಾಗುತ್ತೆ, ಅದು ಎಲೆಯ ಮರೆಯಲ್ಲೇ ಬಲಿತು ಕೂತಿರುತ್ತೆ. ಎಲೆ ತಿರುವಿ ನೋಡಿದರೆ ತಾನೇ ಸಸ್ಯಹೇನು ಕಾಣೋದು? ಹತ್ತು ಇದ್ದಾಗ ಬೆರಳಲ್ಲಿ ಒರೆಸಿದರೆ ಸಾಕು. ಸಾವಿರ ಆದ ಮೇಲೆ ಬೇವಿನ ಎಣ್ಣೆ ಹೊಡೆದು ಹೊಡೆದು ಸುಸ್ತಾಗುತ್ತೆ.

ಕುಂಬಳದ ಪಿಂದೆಗಳು ಹಳದಿಯಾಗಿ ಉದುರುತ್ತಿದ್ದುದಕ್ಕೂ ಆ ಸುತ್ತಿನಲ್ಲೇ ಕಾರಣ ಸಿಕ್ಕಿತು. ಹೆಣ್ಣು ಹೂವಿನ ಹಿಂದೆ ಗೋಲಿಯಷ್ಟು ಪುಟ್ಟ ಕಾಯಿ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ನಮ್ಮಲ್ಲಿ ಜೇನು ಕಡಿಮೆ ಬರುತ್ತಿತ್ತು. ಬೆಳಿಗ್ಗೆ ಹೂ ಮುದುಡುವ ಮುಂಚೆ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಸವರಲು ಶುರು ಮಾಡಿದೆ. ಕಾಯಿ ನಿಂತಿತು. ಹೀರೆ ಹೂ ಮಾತ್ರ ಬೆಳಿಗ್ಗೆ ಕೈಗೆ ಸಿಗಲಿಲ್ಲ. ಅದು ಅರಳೋದು ಸಂಜೆ, ಹಾಗಾಗಿ ಸಂಜೆಗೂ ಒಂದು ಸುತ್ತು ಸೇರಿತು.

ಅಮ್ಮ ಮಣ್ಣು ಏರಿಸಿದ ಆ ಸಸಿ ಹದಿನೈದು ದಿನ ಹಾಗೇ ನಿಂತಿತ್ತು. ಪಕ್ಕದವು ಮೊಣಕಾಲಿಗೆ ಬಂದರೂ ಅದು ಗೇಣುದ್ದ. ಆಮೇಲೆ ಚಿಗುರಿತು. ತಡವಾಗಿ ಹೂ ಬಿಟ್ಟರೂ ಆ ಸಾಲಿನಲ್ಲಿ ಕೊನೆಯವರೆಗೆ ಕಾಯಿ ಕೊಟ್ಟಿದ್ದು ಅದೇ. ಬೆಳೆ ಮುಗಿದು ಮಡಿ ಖಾಲಿ ಮಾಡುವಾಗ ಅದನ್ನು ಕೊನೆಗೆ ಉಳಿಸಿಕೊಂಡಿದ್ದೆ. ಸುತ್ತ ಅಗೆದು, ಬೇರು ಕಡಿಯದ ಹಾಗೆ ಎತ್ತಿ, ನೀರಲ್ಲಿ ತೊಳೆದು ಅಮ್ಮನ ಹತ್ತಿರ ತಗೊಂಡು ಹೋದೆ. ಹಳೇ ಗಾಯ ಹಾಗೇ ಇತ್ತು, ಒಂದು ಪಕ್ಕ ಕಪ್ಪಗೆ ಒಣಗಿತ್ತು. ಅದರ ಕೆಳಗೆ ಮೊದಲಿನ ಬೇರುಗಳು ಸಣ್ಣಗೆ ಉಳಿದಿದ್ದವು. ಗಾಯದ ಮೇಲೆ, ಅಮ್ಮ ಮಣ್ಣು ಏರಿಸಿದ ಜಾಗದಿಂದ, ಹೊಸ ಬೇರುಗಳು ಬೆರಳು ದಪ್ಪಕ್ಕೆ ಸುತ್ತಲೂ ಇಳಿದಿದ್ದವು.

ಅಮ್ಮ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.