ಬಾಲ ಎತ್ತಿ ಕೂತ ಹುಳ

ಅಮೆರಿಕಕ್ಕೆ ಹೋಗಿ ಹನ್ನೊಂದು ವರ್ಷವಾಯಿತು. ಈ ಮಳೆಗಾಲದಲ್ಲಿ ಬನಶಂಕರಿಯ ಮನೆಗೆ ಬಂದವಳು ಹೆಚ್ಚು ಹೊತ್ತು ಕಳೆದದ್ದು ಬೀದಿ ಕೊನೆಯ 30×40 ಸೈಟಿನಲ್ಲಿ. ಹಿಂದೆ ಕಸ ಸುರಿಯುತ್ತಿದ್ದ ಜಾಗ. ಈಗ ಬೀದಿಯವರೆಲ್ಲ ಸೇರಿ ಅಲ್ಲಿ ತೊಂಡೆ, ಬದನೆ, ಬಸಳೆ ಬೆಳೆಯುತ್ತಾರೆ. ಮೂಲೆಯ ಕರಿಬೇವು ಅಮ್ಮನ ಉಸ್ತುವಾರಿ.

ಮೊದಲ ದಿನವೇ ಅದರ ಚಿಗುರು ಬಗ್ಗಿಸಿ ನೋಡಿದೆ. ಇತ್ತು. ಎಳ್ಳುಕಾಳಿನಷ್ಟು ಕಂದು ಹುಳ, ತಲೆಯನ್ನು ಎಲೆಗೆ ಅಂಟಿಸಿ, ಬಾಲದ ಕಡೆಯನ್ನು ಮೇಲೆತ್ತಿ, ಶೀರ್ಷಾಸನಕ್ಕೆ ಅಣಿಯಾದ ಹಾಗೆ ಕೂತಿತ್ತು. ಪಕ್ಕದಲ್ಲಿ ಹಳದಿ ಮರಿಗಳು. ಅವುಗಳ ಮೈಯಿಂದ ಶ್ಯಾವಿಗೆ ಚೂರಿನಂಥ ಬಿಳಿ ಮೇಣದ ಎಳೆಗಳು.

"ಹುಳ ನೋಡಕ್ಕೆ ಕನ್ನಡಕ ಬೇರೆ ಹಾಕ್ಕೊಂಡ್ಯಾ? ಬೆರಳಲ್ಲಿ ಒರೆಸಿ ಹಾಕೇ" ಅಂದಳು ಅಮ್ಮ.

ಅಮ್ಮನಿಗೆ ಅದು ಬರೀ ಹುಳ. ಲಾಸ್ ಏಂಜಲೀಸ್ ಹತ್ತಿರ ನಾನು ಒಂದು ಮಡಿ ಬಾಡಿಗೆಗೆ ಹಿಡಿದಿರುವ ಸಮುದಾಯ ತೋಟದಲ್ಲಿ ಇದರ ಚಿತ್ರವನ್ನು ಗೇಟಿಗೇ ಅಂಟಿಸಿದ್ದಾರೆ. ಏಷ್ಯನ್ ಸಿಟ್ರಸ್ ಸಿಲ್ಲಿಡ್. ಕಿತ್ತಳೆ, ನಿಂಬೆ ಗಿಡಗಳಿಗೆ ಗ್ರೀನಿಂಗ್ ರೋಗದ ಬ್ಯಾಕ್ಟೀರಿಯಾ ಹೊತ್ತು ತರುವುದು ಇದೇ. ಎಲೆ ಮಚ್ಚೆ ಮಚ್ಚೆಯಾಗಿ ಹಳದಿಯಾಗುತ್ತದೆ, ಹಣ್ಣು ಸೊಟ್ಟಗಾಗಿ ಕಹಿಯಾಗುತ್ತದೆ, ಕೆಲವು ವರ್ಷದಲ್ಲಿ ಮರವೇ ಹೋಗುತ್ತದೆ. ಮದ್ದಿಲ್ಲ. ನಮ್ಮ ಕೊಡಗಿನ ಕಿತ್ತಳೆ ಸೊರಗಿದ್ದಕ್ಕೂ ಇದು ಒಂದು ಕಾರಣ. ಫ್ಲಾರಿಡಾದಲ್ಲಿ 1998ರಲ್ಲಿ ಹುಳ ಕಂಡಿತು, 2005ರಲ್ಲಿ ರೋಗ. ಕ್ಯಾಲಿಫೋರ್ನಿಯಾಕ್ಕೆ ಹುಳ ಬಂದದ್ದು 2008ರಲ್ಲಿ, ರೋಗ 2012ರಲ್ಲಿ.

ಕರಿಬೇವೂ ನಿಂಬೆಯ ಕುಟುಂಬದ್ದೇ. ಅದಕ್ಕೆ ರೋಗ ತಗಲುವುದಿಲ್ಲ, ಆದರೆ ಹುಳಕ್ಕೆ ಅದರ ಚಿಗುರೆಂದರೆ ಪ್ರಾಣ. ಹಾಗಾಗಿ ಊರಿನಿಂದ ಹಸಿ ಕರಿಬೇವು ಒಯ್ಯುವಂತಿಲ್ಲ, ಅಲ್ಲೇ ಬೆಳೆಸಿದ ಕುಂಡವನ್ನೂ ಕ್ವಾರಂಟೈನ್ ಗಡಿ ದಾಟಿಸುವಂತಿಲ್ಲ. ತೋಟದಲ್ಲಿ ನನ್ನ ಕುಂಡವನ್ನು ಕೆಮ್ಮುತ್ತ ಬಂದ ನೆಂಟನನ್ನು ನೋಡಿದ ಹಾಗೆ ನೋಡುತ್ತಾರೆ. ಬೇಜಾರಾಗುತ್ತದೆ, ಆದರೆ ಅವರ ಭಯ ಸುಳ್ಳಲ್ಲ.

ತಮಾಷೆಯೆಂದರೆ, ಹುಳ ಹತೋಟಿಗೆ ಅವರು ಕೈ ಚಾಚಿದ್ದೂ ನಮ್ಮ ಕಡೆಗೇ. 2011ರಲ್ಲಿ ಪಾಕಿಸ್ತಾನದ ಪಂಜಾಬಿನಿಂದ ಟಮರಿಕ್ಸಿಯಾ ಎಂಬ ಚಿಕ್ಕ ಕಣಜ ತಂದು ಬಿಟ್ಟರು. ಅದು ಸಿಲ್ಲಿಡ್ ಮರಿಯ ಹೊಟ್ಟೆಯಡಿ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಬಂದದ್ದು ಆ ಮರಿಯನ್ನೇ ತಿಂದು ಬೆಳೆದು, ಒಣಗಿದ ಚಿಪ್ಪಿಗೆ ತೂತು ಕೊರೆದು ಹೊರಬೀಳುತ್ತದೆ.

ಇದೇ ಕೆಲಸವನ್ನು ಬೆಂಗಳೂರು ಒಂದು ವರ್ಷ ಮೊದಲೇ ಮಾಡಿತ್ತು. ನಮ್ಮ ಸೈಟಿನ ಪಪ್ಪಾಯ ಎಲೆ ಮಗುಚಿದರೆ ಅಲ್ಲಲ್ಲಿ ಹಿಟ್ಟು ಉದುರಿಸಿದ ಹಾಗಿದೆಯಲ್ಲ, ಆ ಹಿಟ್ಟು ತಿಗಣೆ ಮೆಕ್ಸಿಕೊ ಕಡೆಯದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪಪ್ಪಾಯ, ಹಿಪ್ಪುನೇರಳೆ ಎರಡನ್ನೂ ಹಾಳುಗೆಡವಿತು. 2010ರಲ್ಲಿ ಹೆಬ್ಬಾಳದ ಕೀಟ ಸಂಸ್ಥೆ, ಈಗಿನ ಎನ್‌ಬಿಎಐಆರ್, ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜ ತರಿಸಿ, ಬೆಳೆಸಿ, ತೋಟಗಳಿಗೆ ಬಿಟ್ಟಿತು.

ಎದುರುಮನೆ ರಾಯರು ಪಪ್ಪಾಯಕ್ಕೆ ಹೊಡೆಯಲು ಔಷಧಿ ಡಬ್ಬ ತಂದಿದ್ದರು. "ಬೇಡಿ ಅಂಕಲ್, ಹೊಡೆದರೆ ಕಣಜಾನೂ ಸಾಯುತ್ತೆ. ನೀರು ಚಿಮ್ಮಿಸಿ ತೊಳೆಯೋಣ" ಅಂದೆ.

"ನಿಮ್ಮ ಅಮೆರಿಕದ ಬುದ್ಧಿ ಇಲ್ಲಿ ಬೇಡಮ್ಮ."

"ಇದು ಹೆಬ್ಬಾಳದ ಬುದ್ಧಿ, ಅಂಕಲ್."

ನಕ್ಕರು, ಡಬ್ಬ ಮಾತ್ರ ಬಿಡಲಿಲ್ಲ. ಟೊಮೇಟೊ ಎಲೆ ಮುದುಡಿದ್ದಕ್ಕೂ ಅದನ್ನೇ ಎತ್ತಿಕೊಂಡರು. ಬಿಳಿ ನೊಣ ಹರಡುವ ಎಲೆ ಮುದುಡು ವೈರಸ್ಸಿನ ಒಂದು ಪ್ರಭೇದಕ್ಕೆ ವಿಜ್ಞಾನದಲ್ಲಿ ನಮ್ಮೂರಿನದೇ ಹೆಸರಿದೆ ಅಂದೆ. ಅದನ್ನವರು ನಂಬಲೇ ಇಲ್ಲ.

ಹೊರಡುವ ಹಿಂದಿನ ದಿನ ಸೂಟ್‌ಕೇಸ್ ತೆರೆದರೆ, ಚಟ್ನಿಪುಡಿ ಡಬ್ಬದ ಕೆಳಗೆ ಪೇಪರಿನಲ್ಲಿ ಸುತ್ತಿದ ಕರಿಬೇವು. "ನಾಲ್ಕೇ ಎಸಳು ಕಣೇ, ಯಾರು ನೋಡ್ತಾರೆ?" ಅಂತ ಅಮ್ಮ. ಬಿಚ್ಚಿ ನೋಡಿದೆ. ಮೂರನೇ ಎಸಳಿನ ತುದಿಯಲ್ಲಿ ಒಂದು ಬಾಲ ಎತ್ತಿ ಕೂತಿತ್ತು. ತೊಳೆದು, ರಾತ್ರಿಯ ಸಾರಿನ ಒಗ್ಗರಣೆಗೆ ನಾಲ್ಕನ್ನೂ ಹಾಕಿದೆ.